ಗುಜರಿಗೆ ಹೋಗುವ ಮುನ್ನ ಹಾಳೆಗೆ ಬರಲಿ ಅಂಬಾಸಿಡರ್

ಪಾಸ್ಟೆಲ್ ಪುಡಿಯಲ್ಲಿ ಹಳೇ ಕಾರುಗಳ ನೈಜ ಚಿತ್ರ. ಬಣ್ಣ ಹೇಳುವ ಹಿರಿಯರು ಇರುವಾಗಲೇ ಕೇಳಿಕೊಳ್ಳಿ

ಆದೋನಿ: ಮುಂಬೈಯ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್ 30ಕ್ಕೆ ಮುಗಿಯಿತು. ಆ ಮಾದರಿಯ ಕೊನೆಯ ಟ್ಯಾಕ್ಸಿ ಅಲ್ಲಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಆಯುಷ್ಯ. ಆಯುಷ್ಯ ತೀರಿತು, ಗಾಡಿ ರಸ್ತೆಯಿಂದ ಇಳಿಯಿತು. ಅದಕ್ಕೂ ಮೊದಲೇ, 2014ರ ಮೇ ತಿಂಗಳಲ್ಲಿ, ಕೋಲ್ಕತ್ತ ಸಮೀಪದ ಉತ್ತರಪಾಡಾದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿತ್ತು.

ಮುಂಬೈ, ಕೋಲ್ಕತ್ತದ ಸುದ್ದಿಗೂ ಆದೋನಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಹತ್ತಿ ವ್ಯಾಪಾರದಿಂದ ‘ಎರಡನೇ ಬೊಂಬಾಯಿ’ ಎನಿಸಿಕೊಂಡ ಊರಿದು. ಮುಂಬೈ-ಚೆನ್ನೈ ರೈಲು ಮಾರ್ಗ ಇಲ್ಲಿಂದಲೇ ಹಾದುಹೋಗುತ್ತದೆ. ಸಾಹುಕಾರರ ಮನೆ ಮುಂದೆ ಒಂದು ಕಾರು, ಸರ್ಕಾರಿ ಸಾಹೇಬರಿಗೆ ಒಂದು ಬಿಳಿ ಕಾರು, ಮದುವೆ ದಿಬ್ಬಣಕ್ಕೆ ಬಾಡಿಗೆಯ ಒಂದು ಕಾರು. ಹಳೇ ತಲೆಮಾರಿನವರಿಗೆ ಕಾರು ಅಂದರೆ ಅಷ್ಟೇ, ಒಂದೋ ಅಂಬಾಸಿಡರ್, ಇಲ್ಲಾ ಫಿಯೆಟ್. ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಗಿ ಕಡೆಯ ಕನ್ನಡ ಮನೆಗಳಿಗಂತೂ ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಬೀಗರ ಮನೆಗೆ ಹೋಗಿಬರುವ ದಾರಿಯಲ್ಲಿ ಆ ಗಾಡಿಯೇ ಸೇತುವೆ.

ಆ ಗಾಡಿಗಳು ಈಗ ಎಲ್ಲಿವೆ? ಕೆಲವು ಗುಜರಿ ಸೇರಿವೆ. ಕೆಲವು ಗ್ಯಾರೇಜಿನ ಹಿಂದೆ ಜಾಲಿ ಗಿಡದ ನಡುವೆ ನಿಂತಿವೆ. ಅಪರೂಪಕ್ಕೆ ಒಂದೆರಡು ಇನ್ನೂ ಓಡುತ್ತಿವೆ. ಇವನ್ನು ಹಾಗೆಯೇ ಹಾಳೆಯ ಮೇಲೆ ಉಳಿಸಿಕೊಳ್ಳಲು ಹೆಚ್ಚು ಖರ್ಚಿಲ್ಲದ ಒಂದು ದಾರಿ ಇದೆ. ಅದೇ ಪಾಸ್ಟೆಲ್ ಚಿತ್ರ. ಕೈಗೆ ಸುಣ್ಣದ ಕಡ್ಡಿಯಂತಹ ಬಣ್ಣದ ತುಂಡು, ಎದುರಿಗೆ ಒರಟು ಹಾಳೆ, ಮೇಲೆ ಒಂದಿಷ್ಟು ತಾಳ್ಮೆ, ಇಷ್ಟಿದ್ದರೆ ಸಾಕು. ‘ಏ, ಇದು ಫೋಟೋನೇ ಬಿಡಪ್ಪ’ ಅನ್ನಿಸುವಷ್ಟು ನೈಜವಾಗಿ ಹಳೇ ಕಾರನ್ನು ಬಿಡಿಸಬಹುದು.

ಫೋಟೊ ಐತಲ್ಲ, ಚಿತ್ರ ಯಾಕೆ?

ಇದು ಸಹಜವಾಗಿ ಬರುವ ಪ್ರಶ್ನೆ. ಮೊಬೈಲ್ ಇಲ್ಲದ ಮನೆ ಇಲ್ಲ, ಒಂದು ಕ್ಲಿಕ್ ಸಾಕಲ್ಲವೇ?

ಮುಂದೆ ನಿಂತಿರುವ ಗಾಡಿಗೆ ಸಾಕು. ಆದರೆ ಮನೆಯ ಟ್ರಂಕಿನಲ್ಲಿರುವ ಹಳೇ ಆಲ್ಬಂ ತೆರೆದು ನೋಡಿ. 1960-70ರ ದಶಕದ ಮದುವೆ ಫೋಟೊಗಳು ಬಹುತೇಕ ಕಪ್ಪು-ಬಿಳುಪು. ಮದುಮಕ್ಕಳ ಹಿಂದೆ ಹೂವಿನ ಮಾಲೆ ಹೊತ್ತ ಕಾರು ನಿಂತಿರುತ್ತದೆ. ಆಕಾರ ಇದೆ, ಬಾಗಿಲಿದೆ, ಗಾಲಿ ಇದೆ. ಬಣ್ಣ ಮಾತ್ರ ಇಲ್ಲ. ಅದು ಹಾಲಿನ ಕೆನೆಯ ಬಣ್ಣವೋ, ತಿಳಿ ನೀಲಿಯೋ, ಬೂದಿ ಬಣ್ಣವೋ ಎಂದು ಆ ಫೋಟೊ ಎಂದೂ ಹೇಳುವುದಿಲ್ಲ. ಹೇಳಬೇಕಾದವರು ಆ ಕಾರಿನಲ್ಲಿ ಕೂತು ಬಂದ ಅಜ್ಜ, ಅಜ್ಜಿ. ಅವರಿಗೆ ಈಗ ಎಪ್ಪತ್ತೈದು, ಎಂಬತ್ತು.

ಚಿತ್ರ ಬಿಡಿಸುವವರು ಈ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಬಣ್ಣದ ತುಂಡು ಕೈಗೆತ್ತಿಕೊಂಡ ಕೂಡಲೇ ಯಾವ ಬಣ್ಣ ಎಂಬ ಮಾತು ಬರುತ್ತದೆ. ಅಜ್ಜಿಯ ಮುಂದೆ ನಾಲ್ಕು ನೀಲಿ ಕಡ್ಡಿ ಇಟ್ಟು ‘ಯಾವುದಬೇ?’ ಎಂದು ಕೇಳಿ ನೋಡಿ. ‘ಇದಲ್ಲ, ಇದಕ್ಕಿಂತ ಸ್ವಲ್ಪ ತಿಳೀದು’ ಎಂಬ ಉತ್ತರದ ಜೊತೆಗೆ ಗಾಡಿ ಯಾರದು, ಬಾಡಿಗೆ ಎಷ್ಟಾಯಿತು, ಹಳ್ಳ ಬಂದು ದಿಬ್ಬಣ ಎಲ್ಲಿ ನಿಂತಿತು ಎಂಬುದೆಲ್ಲ ಹೊರಗೆ ಬರುತ್ತದೆ. ಫೋಟೊ ತೆಗೆಯಲು ಯಾರನ್ನೂ ಏನೂ ಕೇಳಬೇಕಾಗಿಲ್ಲ. ಚಿತ್ರ ಕೇಳಿಸುತ್ತದೆ. ಪಾಸ್ಟೆಲ್ ಕೆಲಸದ ದೊಡ್ಡ ಲಾಭ ಇದೇ.

ಕೇಳಲು ಹಿರಿಯರೇ ಇಲ್ಲದಿದ್ದರೆ ಇನ್ನೊಂದು ಉಪಾಯವಿದೆ. ಗಾಡಿಯ ಆರ್‌ಸಿ ಪುಸ್ತಕ ಎಲ್ಲಾದರೂ ಉಳಿದಿದೆಯೇ ಹುಡುಕಿ. ತಯಾರಾದ ವರ್ಷ, ಮಾದರಿಯ ಜೊತೆಗೆ ಬಣ್ಣವನ್ನೂ ಅದರಲ್ಲಿ ನಮೂದಿಸುವ ಪದ್ಧತಿ ಇದೆ.

ಇನ್ನೊಂದು ಕಡೆ ಕಾಲವೂ ಓಡುತ್ತಿದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವನ್ನು 2023ರ ಏಪ್ರಿಲ್ 1ರಿಂದ ನಿಲ್ಲಿಸಲಾಗಿದೆ. ಅಂಬಾಸಿಡರ್ ತಯಾರಿಕೆ ನಿಂತಿದ್ದೇ 2014ರಲ್ಲಿ. ಲೆಕ್ಕ ಹಾಕಿದರೆ, ಸರ್ಕಾರಿ ಕಚೇರಿಗಳ ಕೊನೆಯ ಅಂಬಾಸಿಡರ್‌ಗಳಿಗೂ 2029ರ ಹೊತ್ತಿಗೆ ಬಿಡುಗಡೆ. ಖಾಸಗಿ ಗಾಡಿಗಳಲ್ಲಿ 50 ವರ್ಷ ದಾಟಿದವನ್ನು ‘ವಿಂಟೇಜ್’ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ನಂಬರ್ ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದು ಬರುತ್ತದೆ. ಆದರೆ ಹೊಸ ನೋಂದಣಿಗೆ ಶುಲ್ಕವೇ 20 ಸಾವಿರ ರೂಪಾಯಿ, ಜೊತೆಗೆ ಗಾಡಿಯ ಮೂಲರೂಪ ಬದಲಾಗಿರಬಾರದು. ಡೀಸೆಲ್ ಎಂಜಿನ್ ಕೂರಿಸಿಕೊಂಡು, ಹತ್ತು ಬಾರಿ ಟಿಂಕರಿಂಗ್ ಆಗಿ, ಬಂಪರ್ ಬದಲಾಗಿರುವ ನಮ್ಮ ಕಡೆಯ ಗಾಡಿಗಳಿಗೆ ಆ ಭಾಗ್ಯ ಕಷ್ಟ. ಹಾಳೆಯ ಮೇಲೆ ಬರಲು ಮಾತ್ರ ಯಾವ ನೋಂದಣಿಯೂ ಬೇಡ.

ಕಾರು ಹುಟ್ಟುವ ಮೊದಲೇ ಪಾಸ್ಟೆಲ್

ಕಾರಿಗೂ ಪಾಸ್ಟೆಲ್‌ಗೂ ನಂಟು ಹೊಸದೇನಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1927ರಲ್ಲಿ ಹಾರ್ಲಿ ಅರ್ಲ್ ಎಂಬುವವರ ಮುಂದಾಳತ್ವದಲ್ಲಿ ಕಾರಿನ ಅಂದಚೆಂದಕ್ಕೆಂದೇ ‘ಆರ್ಟ್ ಆ್ಯಂಡ್ ಕಲರ್’ ಎಂಬ ವಿಭಾಗ ತೆರೆಯಿತು. ಮುಂದೆ ಡೆಟ್ರಾಯಿಟ್‌ನ ಕಾರು ಕಂಪನಿಗಳ ಕಲಾವಿದರು ಬಣ್ಣದ ಕಾಗದದ ಮೇಲೆ ಪೆನ್ಸಿಲ್ ಮತ್ತು ಪಾಸ್ಟೆಲ್ ಪುಡಿಯಿಂದಲೇ ಹೊಸ ಕಾರುಗಳ ಚಿತ್ರ ತಯಾರಿಸುತ್ತಿದ್ದರು. ಚಿತ್ರ ನೋಡಿ ಯಜಮಾನರು ಒಪ್ಪಿದ ಮೇಲೆ ಜೇಡಿಮಣ್ಣಿನ ಮಾದರಿ, ಆಮೇಲೆ ತಗಡು. ಕಂಪ್ಯೂಟರ್ ಬರುವವರೆಗೂ ಈ ಪದ್ಧತಿ ನಡೆಯಿತು.

ಅವರ ಕೈಚಳಕ ಸರಳವಾಗಿತ್ತು. ಬಣ್ಣದ ಕಡ್ಡಿಯನ್ನು ಬ್ಲೇಡಿನಿಂದ ಹೆರೆದು ಪುಡಿ ಮಾಡುವುದು. ಆ ಪುಡಿಯನ್ನು ಹತ್ತಿಯಿಂದ ಹಾಳೆಗೆ ಉದ್ದುದ್ದಕ್ಕೆ ಒರೆಸುವುದು. ಬಾನೆಟ್ಟಿನ ನುಣುಪಾದ ಉಬ್ಬು, ಬಾಗಿಲಿನ ಹೊಳಪು ಹೀಗೆ ಒಂದೇ ಒರೆತದಲ್ಲಿ ಬರುತ್ತಿತ್ತು. ಹೊಳೆಯುವ ಜಾಗದಲ್ಲಿ ರಬ್ಬರಿನಿಂದ ಪುಡಿ ಎತ್ತಿದರೆ ಬೆಳಕು. ಹತ್ತಿಯ ಊರಾದ ಆದೋನಿಯಲ್ಲಿ ಈ ಕೆಲಸಕ್ಕೆ ಸಾಮಗ್ರಿಯ ಕೊರತೆ ಇಲ್ಲ!

ಅಲ್ಲಿ ಕಾರು ಹುಟ್ಟುವ ಮೊದಲು ಪಾಸ್ಟೆಲ್ ಚಿತ್ರ ಬರೆಯುತ್ತಿದ್ದರು. ಇಲ್ಲಿ ಕಾರು ಹೋಗುವ ಮೊದಲು ಬರೆಯಬೇಕಾಗಿದೆ. ವ್ಯತ್ಯಾಸ ಇಷ್ಟೇ.

ಹಾಗೆ ನೋಡಿದರೆ ನೈಜ ಚಿತ್ರ ನಮ್ಮ ಭಾಗದವರಿಗೂ ಹೊಸದಲ್ಲ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪ್ರಚಾರ ಚಿತ್ರ, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೇ ಹೆಸರಾದವರು. ಫ್ಲೆಕ್ಸ್ ಬರುವ ಮುಂಚೆ ನಮ್ಮೂರುಗಳ ಅಂಗಡಿ ಬೋರ್ಡು, ಟಾಕೀಸಿನ ಬ್ಯಾನರ್, ಲಾರಿಯ ಹಿಂಬದಿಯ ನವಿಲು ಎಲ್ಲವೂ ಕೈಬರಹ, ಕೈಚಿತ್ರವೇ ಆಗಿದ್ದವು. ಆ ಕುಂಚ ಹಿಡಿದವರಿಗೆ ಕೆಲಸ ಕಡಿಮೆಯಾಗಿರಬಹುದು, ಕೈ ಮರೆತಿರಲಿಕ್ಕಿಲ್ಲ. ಓಣಿಯ ಮಕ್ಕಳಿಗೆ ಅವರಿಗಿಂತ ಒಳ್ಳೆಯ ಮೇಷ್ಟ್ರು ಬೇರೆ ಬೇಕೆ?

ಎಣ್ಣೆಯದಲ್ಲ, ಪುಡಿಯದು

ಪಾಸ್ಟೆಲ್ ಎಂದು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಆಯಿಲ್ ಪಾಸ್ಟೆಲ್. ಶಾಲೆಯ ಮಕ್ಕಳು ಬಳಸುವ, ಕೈಗೆ ಜಿಡ್ಡು ಹತ್ತುವ ಕಡ್ಡಿ ಅದು. ಈ ಕೆಲಸಕ್ಕೆ ಬೇಕಾದದ್ದು ಸಾಫ್ಟ್ ಪಾಸ್ಟೆಲ್. ಬಣ್ಣದ ಪುಡಿ, ಸೀಮೆಸುಣ್ಣದಂತಹ ಬಿಳಿಪುಡಿ ಮತ್ತು ಸ್ವಲ್ಪವೇ ಸ್ವಲ್ಪ ಅಂಟು ಸೇರಿಸಿ ಒಣಗಿಸಿದ ಕಡ್ಡಿ ಇದು. ಮುರಿದರೆ ಪುಡಿಪುಡಿ. ಮುಂಬೈಯಲ್ಲಿ 1931ರಲ್ಲಿ ಶಾಯಿ ತಯಾರಿಕೆಯಿಂದ ಶುರುವಾದ ಕ್ಯಾಮ್ಲಿನ್ ಕಂಪನಿಯ ‘ಕ್ಯಾಮೆಲ್’ ಗುರುತಿನಲ್ಲೇ ಎರಡೂ ಬಗೆ ಸಿಗುತ್ತವೆ. ಹಾಗಾಗಿ ಡಬ್ಬಿಯ ಮೇಲಿನ ಹೆಸರು ಓದಿಯೇ ಕೊಳ್ಳಬೇಕು.

ಇದರಲ್ಲಿ ಎಣ್ಣೆ ಇಲ್ಲದ ಕಾರಣ ಕಾಲ ಕಳೆದಂತೆ ಹಳದಿಯಾಗುವ, ಬಿರುಕು ಬಿಡುವ ಚಿಂತೆ ಕಡಿಮೆ. ವೆನಿಸ್‌ನ ರೊಸಾಲ್ಬಾ ಕಾರಿಯೆರಾ ಎಂಬ ಕಲಾವಿದೆ 1720ರಲ್ಲಿ ಪ್ಯಾರಿಸ್‌ಗೆ ಹೋಗಿ ಪಾಸ್ಟೆಲ್ ಮುಖಚಿತ್ರಗಳಿಂದ ಅಲ್ಲಿನವರನ್ನು ಮರುಳು ಮಾಡಿದ್ದರು. 300 ವರ್ಷ ಕಳೆದರೂ ಅವರ ಚಿತ್ರಗಳ ಬಣ್ಣ ತಾಜಾ ಆಗಿಯೇ ಇದೆ. ಆದರೆ ಒಂದು ದೌರ್ಬಲ್ಯವೂ ಉಂಟು. ಪುಡಿ ಹಾಳೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಬೆರಳು ತಾಗಿದರೆ ಅಳಿಸಿಹೋಗುತ್ತದೆ.

ಪುಡಿ ಕೂರಬೇಕೆಂದರೆ ಹಾಳೆಗೆ ‘ಹಲ್ಲು’ ಇರಬೇಕು. ನುಣುಪು ಡ್ರಾಯಿಂಗ್ ಹಾಳೆಯಲ್ಲಿ ಎರಡನೇ ಪದರ ನಿಲ್ಲುವುದಿಲ್ಲ. ಪಾಸ್ಟೆಲ್‌ಗೆಂದೇ ಬೂದು, ಕಂದು ಬಣ್ಣದ ಒರಟು ಹಾಳೆ ಬರುತ್ತದೆ. ಅದು ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಸಣ್ಣ ಕಣದ ವಾಟರ್ ಪೇಪರ್ ನಡೆಯುತ್ತದೆ. ಹೌದು, ಗ್ಯಾರೇಜಿನಲ್ಲಿ ಕಾರಿಗೆ ಪೇಂಟ್ ಹೊಡೆಯುವ ಮುನ್ನ ಉಜ್ಜುವ ಅದೇ ಕಾಗದ! ಪಾಸ್ಟೆಲ್ ಕಲಾವಿದರು ಇಂತಹ ಕಾಗದದ ಮೇಲೆ ಕೆಲಸ ಮಾಡುವುದು ಹೊಸದೇನಲ್ಲ. ಬರೀ ಅಭ್ಯಾಸಕ್ಕಾದರೆ ಕಿರಾಣಿ ಅಂಗಡಿಯ ಖಾಕಿ ಹಾಳೆಯೂ ಸಾಕು. ಆದರೆ ಅದು ಬೇಗ ಕಂದುಗಟ್ಟುತ್ತದೆ, ಉಳಿಸಬೇಕಾದ ಚಿತ್ರಕ್ಕೆ ಬೇಡ.

ಗಾಲಿಯಿಂದಲೇ ಅಳತೆ

ಹೊಸಬರು ಬಾನೆಟ್ಟು, ದೀಪಗಳಿಂದ ಶುರು ಮಾಡಿ ಕೊನೆಗೆ ಗಾಲಿ ಕೂರಿಸಲು ಹೋಗುತ್ತಾರೆ. ಅಲ್ಲಿಗೆ ಗಾಡಿ ಕೆಟ್ಟಿತು ಎಂದೇ ಅರ್ಥ. ಕಾರು ಬರೆಯುವವರು ಗಾಲಿಯಿಂದಲೇ ಶುರು ಮಾಡಬೇಕು.

ಗಾಲಿಯನ್ನೇ ಅಳತೆಗೋಲು ಮಾಡಿಕೊಳ್ಳಿ. ಅಂಬಾಸಿಡರ್‌ನ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 97 ಇಂಚು. ಟೈರಿನ ಎತ್ತರ ಸುಮಾರು 27 ಇಂಚು. ಅಂದರೆ ಪಕ್ಕದಿಂದ ನೋಡಿದಾಗ ಎರಡು ಗಾಲಿಗಳ ನಡುವೆ ಮೂರೂವರೆ ಗಾಲಿಗಿಂತ ತುಸು ಹೆಚ್ಚು ಅಂತರ. ಈ ಒಂದು ಲೆಕ್ಕ ತಪ್ಪದಿದ್ದರೆ ಉಳಿದ ಮೈ ತಾನಾಗಿಯೇ ಕೂರುತ್ತದೆ. ಬೇರೆ ಗಾಡಿಯಾದರೆ ಟೇಪು ಹಿಡಿದು ಅಳೆಯಿರಿ, ಇಲ್ಲವೇ ಕೈ ಚಾಚಿ ಪೆನ್ಸಿಲ್ಲಿನಿಂದ ಅಳೆಯಿರಿ.

ಓರೆಯಾಗಿ ನಿಂತ ಗಾಡಿಯ ಗಾಲಿ ದುಂಡಗೆ ಕಾಣುವುದಿಲ್ಲ, ಮೊಟ್ಟೆಯಂತೆ ನೀಳವಾಗಿ ಕಾಣುತ್ತದೆ. ಹತ್ತಿರದ ಗಾಲಿಗೂ ದೂರದ ಗಾಲಿಗೂ ಆ ಅಗಲ ಒಂದೇ ಇರುವುದಿಲ್ಲ. ‘ಗಾಲಿ ಅಂದ್ರ ದುಂಡಗ’ ಎಂದು ಮನಸ್ಸು ಹೇಳುತ್ತದೆ, ಕಣ್ಣು ಬೇರೆ ಹೇಳುತ್ತದೆ. ನೈಜ ಚಿತ್ರ ಬೇಕೆಂದರೆ ಕಣ್ಣಿನ ಮಾತನ್ನೇ ಕೇಳಬೇಕು.

ಮೊಬೈಲ್ ಫೋಟೊ ನೋಡಿ ಬರೆಯುವವರಿಗೆ ಒಂದು ಎಚ್ಚರಿಕೆ. ಗಾಡಿಯ ಮುಂದೆಯೇ ನಿಂತು ತೆಗೆದ ಫೋಟೊದಲ್ಲಿ ಮೂತಿ ದೊಡ್ಡದಾಗಿ, ಹಿಂಭಾಗ ಸಣ್ಣದಾಗಿ ಬರುತ್ತದೆ. ಇಪ್ಪತ್ತು-ಮೂವತ್ತು ಅಡಿ ಹಿಂದೆ ಸರಿದು, ಮೊಣಕಾಲೂರಿ ಕೂತು, ಝೂಮ್ ಮಾಡಿ ತೆಗೆಯಿರಿ. ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಬೆಳಕು ಓರೆಯಾಗಿ ಬಿದ್ದು ಮೈಯ ಉಬ್ಬು-ತಗ್ಗು ಸ್ಪಷ್ಟವಾಗುತ್ತದೆ. ನಮ್ಮ ಮಧ್ಯಾಹ್ನದ ಬಿಸಿಲಲ್ಲಿ ಎಲ್ಲವೂ ಚಪ್ಪಟೆ.

ಬಿಳಿ ಕಾರು ಬಿಳಿಯಲ್ಲ

ಸರ್ಕಾರಿ ಅಂಬಾಸಿಡರ್ ಬಿಳಿ. ಹಾಗಂತ ಬಿಳಿ ಕಡ್ಡಿ ತೆಗೆದು ಬಳಿದರೆ ಕಾರು ಬರುವುದಿಲ್ಲ, ಸುಣ್ಣದ ಗೋಡೆ ಬರುತ್ತದೆ.

ಸ್ವಲ್ಪ ಹೊತ್ತು ನಿಂತು ನೋಡಿ. ಮೇಲ್ಮುಖವಾಗಿರುವ ಭಾಗ, ಅಂದರೆ ಬಾನೆಟ್ಟು, ಚಾವಣಿ, ಡಿಕ್ಕಿ, ಆಕಾಶ ನೋಡುತ್ತಿರುತ್ತದೆ. ಅಲ್ಲಿ ಬಿಳಿಗೆ ತಿಳಿ ನೀಲಿ ಸೇರಿರುತ್ತದೆ. ಬಾಗಿಲಿನ ಕೆಳಭಾಗ ನೆಲ ನೋಡುತ್ತಿರುತ್ತದೆ. ಕೆಮ್ಮಣ್ಣಿನ ಊರಾದರೆ ಅಲ್ಲಿ ಇಟ್ಟಿಗೆ ಬಣ್ಣದ ಛಾಯೆ, ಎರೆಭೂಮಿಯಾದರೆ ಬೂದುಗಪ್ಪು, ಡಾಂಬರಾದರೆ ತಣ್ಣನೆಯ ಬೂದಿ. ಒಂದೇ ಬಿಳಿ ಕಾರು ಆಲೂರಿನಲ್ಲಿ ಒಂದು ಬಣ್ಣ, ಆದೋನಿ ಕೋಟೆಯ ಗುಡ್ಡದ ಕೆಳಗೆ ಇನ್ನೊಂದು ಬಣ್ಣ. ಚಿತ್ರದಲ್ಲಿ ಊರಿನ ಹೆಸರು ಬರೆಯದಿದ್ದರೂ ನೋಡಿದವರಿಗೆ ಊರು ಗೊತ್ತಾಗುವುದು ಇದರಿಂದಲೇ.

ಆದ್ದರಿಂದ ಬಿಳಿ ಕಾರಿಗೆ ಬೂದು ಹಾಳೆ ಒಳ್ಳೆಯದು. ಹಾಳೆಯೇ ನೆರಳಿನ ಬಣ್ಣ ಕೊಡುತ್ತದೆ. ಮೊದಲು ಗಾಢ ಬಣ್ಣ, ಆಮೇಲೆ ನಡುವಿನದು, ಕೊನೆಗೆ ತಿಳಿಯದು, ಇದು ಕ್ರಮ. ಅಪ್ಪಟ ಬಿಳಿ ಕಡ್ಡಿಯನ್ನು ಜೇಬಿನಲ್ಲೇ ಇಟ್ಟುಕೊಂಡಿರಿ. ದೀಪದ ಗಾಜಿನ ಅಂಚು, ಬಂಪರಿನ ಮೂಲೆ, ಕನ್ನಡಿಯ ಒಂದು ಮಿಂಚು, ಹೀಗೆ ನಾಲ್ಕೈದು ಕಡೆ ಕೊನೆಯಲ್ಲಿ ಮುಟ್ಟಿಸಿದರೆ ಸಾಕು. ಎಲ್ಲ ಕಡೆ ಮಿಂಚಿಸಿದರೆ ಯಾವುದೂ ಮಿಂಚುವುದಿಲ್ಲ.

ಕ್ರೋಮ್‌ಗೆ ಬೆಳ್ಳಿ ಬಣ್ಣ ಬೇಡ

ಹಳೇ ಕಾರಿನ ಶೋಭೆ ಇರುವುದೇ ಕ್ರೋಮ್‌ನಲ್ಲಿ. ಬಂಪರ್, ಗಾಲಿಯ ಟೋಪಿ, ದೀಪದ ಸುತ್ತಿನ ಉಂಗುರ, ಮುಂದಿನ ಜಾಲರಿ ಎಲ್ಲಾ ಹೊಳೆಯುತ್ತವೆ. ಹೊಸಬರು ಇದಕ್ಕೆ ಬೆಳ್ಳಿ ಬಣ್ಣ ಹುಡುಕುತ್ತಾರೆ. ಆದರೆ ಕ್ರೋಮ್ ಎಂದರೆ ಬಾಗಿದ ಕನ್ನಡಿ, ಅದಕ್ಕೆ ಸ್ವಂತ ಬಣ್ಣವೇ ಇಲ್ಲ.

ಬಂಪರಿನ ಮೇಲಿನ ಅರ್ಧದಲ್ಲಿ ಆಕಾಶ, ಅಲ್ಲಿಗೆ ತಿಳಿ ನೀಲಿ. ಕೆಳಗಿನ ಅರ್ಧದಲ್ಲಿ ನೆಲ, ಅಲ್ಲಿಗೆ ಮಣ್ಣಿನ ಬಣ್ಣ. ಎರಡೂ ಸೇರುವಲ್ಲಿ ಅಡ್ಡಕ್ಕೆ ಒಂದು ಕಪ್ಪು ಪಟ್ಟೆ. ದೂರದ ಮನೆ, ಮರ, ಬಂಡೆಗುಡ್ಡಗಳೆಲ್ಲ ಅದರೊಳಗೆ ಕುಗ್ಗಿ ಕೂತಿರುತ್ತವೆ. ಈ ಮೂರು ಪಟ್ಟೆಗಳನ್ನು ಅಂಚು ತೀಡದೆ, ಕಪ್ಪಿನ ಪಕ್ಕದಲ್ಲೇ ಬಿಳುಪು ಇಟ್ಟು ಬಿಟ್ಟರೆ ಲೋಹ ಹೊಳೆಯುತ್ತದೆ. ಪೇಂಟ್ ಬಳಿದ ಮೈಗೆ ಹತ್ತಿಯಿಂದ ಒರೆಸಿ ನುಣುಪು ಮಾಡಬೇಕು, ಕ್ರೋಮ್‌ನಲ್ಲಿ ಒರೆಸಲೇಬಾರದು. ಈ ಗುಟ್ಟು ತಿಳಿದ ಮೇಲೆ ಅರ್ಧ ಕೆಲಸ ಮುಗಿದಂತೆ.

ಗಾಜಿನ ಕಥೆಯೂ ಹೀಗೇ. ಮುಂದಿನ ಗಾಜಿನ ಒಂದು ಭಾಗದಲ್ಲಿ ಆಕಾಶ, ಇನ್ನೊಂದು ಭಾಗದಲ್ಲಿ ಒಳಗಿನ ಸೀಟು, ಸ್ಟೇರಿಂಗ್ ಕಾಣುತ್ತದೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಗೇರಿನ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇರುತ್ತಿತ್ತು. ಮುಂದಿನ ಸೀಟು ಒಂದೇ ಉದ್ದ ಬೆಂಚಿನಂತಿದ್ದ ಗಾಡಿಯಲ್ಲಿ ಡ್ರೈವರ್ ಪಕ್ಕ ಇಬ್ಬರು ಕೂತು, ಮಡಿಲಲ್ಲಿ ಒಂದು ಮಗು. ಇದನ್ನೂ ಮರೆಯದೆ ತೋರಿಸಿದರೆ ನೋಡಿದವರು ‘ಅರೆ, ಹೌದಲ್ಲ!’ ಅನ್ನುತ್ತಾರೆ.

ಡೊಂಕು, ತುಕ್ಕು ಇರಲಿ ಬಿಡಿ

ಪುಸ್ತಕದ ಚಿತ್ರದಲ್ಲಿರುವ ಕಾರು ಬೇರೆ, ನಮ್ಮ ಓಣಿಯ ಕಾರು ಬೇರೆ. ಕಂಪನಿಯಿಂದ ಬಂದ ಹೊಸ ಗಾಡಿಯ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಸಿಗದೆ ಇರುವುದು ಮಡ್‌ಗಾರ್ಡಿನ ಮೇಲಿನ ಆ ಒಂದು ಡೊಂಕು, ಬಾಗಿಲಿನ ಕೆಳಗಿನ ತುಕ್ಕು, ಬಂಪರಿಗೆ ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿ, ಡ್ಯಾಶ್‌ಬೋರ್ಡ್ ಮೇಲಿನ ಮಂತ್ರಾಲಯ ರಾಯರ ಪಟ. ಚೆಂದ ಕಾಣಲಿ ಎಂದು ಇವನ್ನು ಅಳಿಸಿಬಿಟ್ಟರೆ ಅದು ಯಾರದೋ ಕಾರಾಗುತ್ತದೆ.

ಮಾದರಿಯ ಗುರುತೂ ಮುಖ್ಯ. 1957ರಲ್ಲಿ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹುಟ್ಟಿದ ಅಂಬಾಸಿಡರ್‌ನ ಮೈಕಟ್ಟು ಕೊನೆಯವರೆಗೂ ಹೆಚ್ಚು ಬದಲಾಗಲಿಲ್ಲ. ಆದರೆ ಮಾರ್ಕ್ 1ರಿಂದ ಮಾರ್ಕ್ 4, ನೋವಾ, ಗ್ರ್ಯಾಂಡ್ ಎಂದು ಹೆಸರು ಬದಲಾದಂತೆ ಮುಂದಿನ ಜಾಲರಿ, ಸಿಗ್ನಲ್ ದೀಪ ಬದಲಾಗುತ್ತಾ ಬಂದವು. ಹಾಗೆಯೇ ಇಟಲಿಯ ಫಿಯೆಟ್ 1100 ಕಾರು ಮುಂಬೈಯ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗಿ, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ‘ಫಿಯೆಟ್’. 1965ರ ಮದುವೆಯ ಗಾಡಿಗೆ 1990ರ ಜಾಲರಿ ಬರೆದರೆ ಗೊತ್ತಿದ್ದವರು ನಗುತ್ತಾರೆ.

ನಂಬರ್ ಫಲಕವಂತೂ ಗಡಿನಾಡಿನವರಿಗೆ ಚರಿತ್ರೆಯ ಪಾಠವೇ ಸರಿ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮೊದಲು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಇವು ಆ ಕಡೆಗೆ, ಬಳ್ಳಾರಿ ಮೈಸೂರಿನ ಕಡೆಗೆ. ಒಂದೇ ಮನೆತನದ ಅಣ್ಣ-ತಮ್ಮಂದಿರ ಗಾಡಿಗಳಿಗೆ ಎರಡು ರಾಜ್ಯದ ನಂಬರ್ ಬಂತು. 1989ರ ನಂತರದ ಪದ್ಧತಿಯಲ್ಲಿ ಕರ್ನೂಲಿಗೆ ಎಪಿ 21, ಬಳ್ಳಾರಿಗೆ ಕೆಎ 34, ರಾಯಚೂರಿಗೆ ಕೆಎ 36. 2019ರಲ್ಲಿ ಆಂಧ್ರದ ಹೊಸ ಗಾಡಿಗಳಿಗೆ ಜಿಲ್ಲೆ ಯಾವುದೇ ಇರಲಿ, ಎಪಿ 39 ಬಂತು. ಹೀಗಾಗಿ ಎಪಿ 21 ಫಲಕವೂ ಈಗ ಹಳೇ ನೆನಪಿನ ಸಾಲಿಗೆ ಸೇರುತ್ತಿದೆ. 2000ದ ದಶಕದ ಆರಂಭದವರೆಗೆ ಖಾಸಗಿ ಕಾರಿನ ಫಲಕ ಕಪ್ಪು, ಅಕ್ಷರ ಬಿಳಿ. ಚಿತ್ರದಲ್ಲಿ ಇದು ತಪ್ಪಬಾರದು.

ಪುಡಿ ಊದಬೇಡಿ, ಗಾಜು ತಾಗಿಸಬೇಡಿ

ಕೆಲಸ ಮಾಡುವಾಗ ಉದುರುವ ಪುಡಿಯನ್ನು ಬಾಯಿಂದ ಊದುವುದು ಎಲ್ಲರ ಅಭ್ಯಾಸ. ಇದು ಸರಿಯಲ್ಲ. ಪುಡಿ ಮೂಗಿಗೆ, ಪಕ್ಕದಲ್ಲಿ ಕೂತ ಮಗುವಿನ ಕಣ್ಣಿಗೆ ಹೋಗುತ್ತದೆ. ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ಹಿಂದಿನಿಂದ ಮೆಲ್ಲಗೆ ತಟ್ಟಿ. ಕೆಳಗೆ ಒದ್ದೆ ಬಟ್ಟೆ ಹಾಸಿರಿ. ಮೂಗಿಗೆ ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು. ಕೈ ತೊಳೆಯದೆ ತಿಂಡಿ ಮುಟ್ಟಬಾರದು. ದಮ್ಮು, ಉಬ್ಬಸ ಇರುವವರು ಈ ಪುಡಿಯಿಂದ ದೂರವಿದ್ದು ಬಣ್ಣದ ಪೆನ್ಸಿಲ್ಲಿನಲ್ಲೇ ಬರೆಯುವುದು ಲೇಸು.

ಮುಗಿದ ಚಿತ್ರಕ್ಕೆ ಪುಡಿ ಹಿಡಿಸಲು ‘ಫಿಕ್ಸೇಟಿವ್’ ಎಂಬ ಸ್ಪ್ರೇ ಬರುತ್ತದೆ. ಜಾಸ್ತಿ ಹೊಡೆದರೆ ತಿಳಿ ಬಣ್ಣ ಮಂಕಾಗುತ್ತದೆ, ಕಷ್ಟಪಟ್ಟು ಇಟ್ಟ ಮಿಂಚೆಲ್ಲ ಹೋಗುತ್ತದೆ. ಅದಕ್ಕಿಂತ ಗಾಜಿನ ಕಟ್ಟು ಹಾಕಿಸುವುದೇ ಉತ್ತಮ. ಆದರೆ ದೇವರ ಪಟಕ್ಕೆ ಹಾಕುವಂತೆ ಗಾಜನ್ನು ಚಿತ್ರಕ್ಕೆ ಅಂಟಿಸಿ ಹಾಕಬಾರದು. ಸುತ್ತ ದಪ್ಪ ರಟ್ಟಿನ ಚೌಕಟ್ಟು ಇಟ್ಟು, ಚಿತ್ರಕ್ಕೂ ಗಾಜಿಗೂ ನಡುವೆ ಸಂದು ಬಿಡುವಂತೆ ಕಟ್ಟು ಹಾಕುವವರಿಗೆ ಮೊದಲೇ ಹೇಳಬೇಕು. ಬಿಸಿಲು ಬೀಳುವ ಗೋಡೆ, ಮಳೆಗೆ ತೇವವಾಗುವ ಗೋಡೆ ಎರಡೂ ಬೇಡ.

ನೋಡಿ ಕಲಿಯಲು ಎಲ್ಲಿಗೆ ಹೋಗಬೇಕು?

ಊರಿನ ಗಾಡಿಗಳೇ ಮೊದಲ ಪಾಠಶಾಲೆ. ಮಾಲೀಕರನ್ನು ಒಂದು ಮಾತು ಕೇಳಿ ಗಾಡಿಯ ಮುಂದೆ ಕೂರಬಹುದು. ಪ್ರವಾಸ ಹೋದಾಗ ನೋಡಬಹುದಾದವೂ ಇವೆ. ಧರ್ಮಸ್ಥಳಕ್ಕೆ ಹೋದವರು ದರ್ಶನ ಮುಗಿಸಿ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಅಲ್ಲಿನ ಹಳೇ ಕಾರುಗಳನ್ನು ನೋಡದೆ ಬರಬಾರದು. ಧರ್ಮಸ್ಥಳದ ವತಿಯಿಂದಲೇ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ಆಗಿದೆ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್ ಇದೆ. 1912ರ ಈ ಕಾರು ಓಡಿದ್ದು ತೀರಾ ಕಡಿಮೆ. ಕೊಯಮತ್ತೂರಿನಲ್ಲಿ ಜಿ.ಡಿ. ಕಾರು ಸಂಗ್ರಹಾಲಯವಿದೆ. ರಾಜಮಹಾರಾಜರ ಕಾರು ನೋಡಿ ಕಣ್ಣು ಪಳಗಿಸಿಕೊಳ್ಳಿ, ಚಿತ್ರಕ್ಕೆ ಮಾತ್ರ ನಿಮ್ಮ ಮನೆಯ ಮುಂದೆ ನಿಂತಿದ್ದ ಗಾಡಿಯೇ ಇರಲಿ.

ಮೊದಲ ಚಿತ್ರವೇ ಫೋಟೊದಂತೆ ಬರುವುದಿಲ್ಲ. ಬರೀ ಒಂದು ಗಾಲಿ, ಬರೀ ಒಂದು ದೀಪ, ಬರೀ ಬಂಪರಿನ ಒಂದು ಮೂಲೆ ಎಂದು ನಾಲ್ಕಾರು ಹಾಳೆ ಕೆಡಿಸಬೇಕು. ರಜೆಯಲ್ಲಿ ದಿನಕ್ಕೊಂದು ತಾಸು ಕೂತರೆ ಬೇಸಿಗೆ ಮುಗಿಯುವಷ್ಟರಲ್ಲಿ ಒಂದು ಒಳ್ಳೆಯ ಚಿತ್ರ ಕೈಗೆ ಬರುತ್ತದೆ. ತೆಲುಗು ಮಾಧ್ಯಮ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಕ್ಕಳಿಗೆ ಅಜ್ಜ-ಅಜ್ಜಿಯ ಜೊತೆ ಕನ್ನಡದಲ್ಲಿ ಕೂತು ಮಾತಾಡಲು ಇದೂ ಒಂದು ನೆಪ.

ಏನೇನು ಬೇಕು?

* ಸಾಫ್ಟ್ ಪಾಸ್ಟೆಲ್ ಡಬ್ಬಿ ಒಂದು. 24 ಬಣ್ಣ ಇದ್ದರೆ ಆರಂಭಕ್ಕೆ ಸಾಕು. ಬಿಳಿ, ಕಪ್ಪು, ಬೂದು ಕಡ್ಡಿ ಬೇಗ ಸವೆಯುತ್ತವೆ.

* ಬೂದು ಅಥವಾ ಕಂದು ಬಣ್ಣದ ಒರಟು ಹಾಳೆ. ಸಿಗದಿದ್ದರೆ ಸಣ್ಣ ಕಣದ ವಾಟರ್ ಪೇಪರ್.

* ಹತ್ತಿ, ಹಳೇ ಬ್ಲೇಡು, ಹಿಟ್ಟಿನಂತೆ ನಾದಬಹುದಾದ ಚಿತ್ರಕಲೆಯ ರಬ್ಬರ್.

* ಸಣ್ಣ ಗೆರೆಗಳಿಗೆ, ನಂಬರ್ ಫಲಕಕ್ಕೆ ಕಪ್ಪು ಮತ್ತು ಬಿಳಿ ಪಾಸ್ಟೆಲ್ ಪೆನ್ಸಿಲ್.

* ಒದ್ದೆ ಬಟ್ಟೆ, ಮಾಸ್ಕ್.

* ಚಿತ್ರದ ಹಿಂದೆ ಬರೆಯಲು ಒಂದು ಪೆನ್ಸಿಲ್. ಗಾಡಿ ಯಾರದು, ನಂಬರ್ ಏನು, ಯಾವ ವರ್ಷದ್ದು, ಯಾವ ಊರಿನಿಂದ ಯಾವ ಊರಿಗೆ ಓಡುತ್ತಿತ್ತು, ಬಣ್ಣ ಹೇಳಿದವರು ಯಾರು ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ತಾರೀಕು ಹಾಕಿಡಿ. ಕಟ್ಟು ಹಾಕಿಸುವ ಮೊದಲೇ ಬರೆಯಬೇಕು, ಆಮೇಲೆ ಆಗುವುದಿಲ್ಲ.